ಒಂದು ತಾಟು, ಎರಡು ಬಾಯಿ

ಅನ್ನ ಚೆಲ್ಲುವವರನ್ನು ಕಂಡರೆ ಕಸ್ತೂರಿ ಬಡಿಗೇರಳಿಗೆ ಮೈಯೆಲ್ಲ ಉರಿಯುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪಾಠ ಮಾಡುವುದು ಅವಳ ಕೆಲಸವಾದರೂ, ದಿನದ ಹೆಚ್ಚು ಹೊತ್ತು ಅವಳು ಸಿಗುತ್ತಿದ್ದದ್ದು ಹಾಸ್ಟೆಲ್ ಮೆಸ್ಸಿನ ಹಿಂದಿನ ತಗಡಿನ ಶೆಡ್ಡಿನಲ್ಲಿ. ಗದಗ ರಸ್ತೆಯ ಎರೆಹೊಲಗಳ ನಡುವೆ ಎದ್ದು ನಿಂತ ಆ ವಿಶ್ವವಿದ್ಯಾಲಯದಲ್ಲಿ ಹುಡುಗರಿಗೂ ಹುಡುಗಿಯರಿಗೂ ಸೇರಿ ಒಂದೇ ದೊಡ್ಡ ಮೆಸ್ಸು. ಅದರ ಮುಸುರೆಯೆಲ್ಲ ಬೆಲ್ಟಿನ ಮೇಲೆ ಹರಿದು ಶೆಡ್ಡಿಗೆ ಬರುತ್ತಿತ್ತು. ಕಚ್ಚಿ ಬಿಟ್ಟ ರೊಟ್ಟಿ, ಬೆರಳಾಡಿಸಿ ಬಿಟ್ಟ ಅನ್ನ, ಎಣ್ಣೆ ಹೀರಿ ಉಗುಳಿದ ಬದನೆಕಾಯಿ ತೊಟ್ಟು. ಶೆಡ್ಡಿನಲ್ಲಿ ಆಳೆತ್ತರದ ಕಬ್ಬಿಣದ ಡ್ರಮ್ಮುಗಳು ಅದನ್ನು ಮರದ ಪುಡಿಯೊಂದಿಗೆ ಮೆಲ್ಲಗೆ ಹೊರಳಿಸುತ್ತ ಗೊಬ್ಬರ ಮಾಡಬೇಕಿತ್ತು.

ಗೊಬ್ಬರ ಆಗುತ್ತಿರಲಿಲ್ಲ. ಡ್ರಮ್ಮುಗಳು ಬಿಟ್ಟೂ ಬಿಡದೆ ಹುಳಿಯೇರಿ ನಾರುತ್ತಿದ್ದವು. ಗಾಳಿ ಆ ಕಡೆ ಬೀಸಿದಾಗ ಗ್ರಂಥಾಲಯದ ಹುಡುಗರು ಮೂಗು ಮುಚ್ಚಿಕೊಂಡು ಅವಳ ಹೆಸರು ಹಿಡಿದು ಬೈಯುತ್ತಿದ್ದರು. ಅದು ಅವಳ ಕಿವಿಗೂ ಬೀಳುತ್ತಿತ್ತು. ಚೆಲ್ಲುವವರೂ ಇವರೇ, ಬೈಯುವವರೂ ಇವರೇ ಎಂದು ಅವಳು ಹಲ್ಲು ಕಚ್ಚುತ್ತಿದ್ದಳು.

ಹುಳಿಯ ಕಾರಣವನ್ನು ಅವಳೇ ಕಂಡುಹಿಡಿದಳು. ಒಲೆಯಿಂದ ಇಳಿದು ಯಾರೂ ಮುಟ್ಟದೆ ಉಳಿದ ಅನ್ನ ಒಂದು ಬಗೆಯಲ್ಲಿ ಕೊಳೆಯುತ್ತದೆ, ಬಾಯಿ ಮುಟ್ಟಿದ ಅನ್ನ ಇನ್ನೊಂದು ಬಗೆಯಲ್ಲಿ. ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಆಗಲೇ ಸಕ್ಕರೆಯಾಗಿ ಒಡೆಯತೊಡಗಿರುತ್ತದೆ. ಆ ಸಕ್ಕರೆ ಡ್ರಮ್ಮಿಗೆ ಹೋಗಿ ಒಮ್ಮೆಲೇ ಹುದುಗಿ ಆಮ್ಲವಾಗುತ್ತದೆ. ಎರಡನ್ನೂ ಬೇರೆ ಬೇರೆ ಡ್ರಮ್ಮಿಗೆ ಹಾಕಿದರೆ ಮುಗಿಯಿತು. ಬೇರ್ಪಡಿಸಲಿಕ್ಕೆ ಅವಳು ಒಂದು ಯಂತ್ರ ಮಾಡಿದಳು. ಬೆಲ್ಟಿನ ಮೇಲೆ ತಾಟು ಬಂದಾಗ ಮೇಲಿನಿಂದ ಕೂದಲೆಳೆಯಷ್ಟು ಸಣ್ಣ ಸೂಜಿ ಇಳಿದು, ಉಳಿದದ್ದನ್ನು ಮುಟ್ಟಿ, ಅದಕ್ಕೆ ಬಾಯಿ ಸೋಕಿದೆಯೋ ಇಲ್ಲವೋ ಹೇಳುತ್ತಿತ್ತು. ಅವಳು ಅದಕ್ಕೆ ‘ಶೇಷ’ ಎಂದು ಹೆಸರಿಟ್ಟಳು. ಮೆಸ್ಸಿನವರು ‘ಮೂಸೋ ಮಷಿನ್’ ಎಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸೂಜಿ ಅವಳು ಎಣಿಸಿದ್ದಕ್ಕಿಂತ ಚುರುಕಾಗಿತ್ತು. ಪ್ರತಿಯೊಬ್ಬರ ಬಾಯಲ್ಲೂ ಬ್ಯಾಕ್ಟೀರಿಯಾಗಳ ಒಂದು ಊರೇ ಇರುತ್ತದೆ, ಒಬ್ಬರ ಊರಿನಂತೆ ಇನ್ನೊಬ್ಬರದು ಇರುವುದಿಲ್ಲ. ಶೇಷ ಆ ಊರುಗಳ ಗುರುತು ಹಿಡಿಯಬಲ್ಲುದಾಗಿತ್ತು. ಚೆಲ್ಲಿದ್ದು ಯಾರು ಎಂದು ಹೇಳಬಲ್ಲುದಾಗಿತ್ತು. ಅದು ಗೊತ್ತಾದ ದಿನ ಕಸ್ತೂರಿಗೆ ಆದ ಖುಷಿ, ಎಷ್ಟೋ ಕಾಲದಿಂದ ಕಾಯುತ್ತಿದ್ದ ಸೇಡು ಕೈಗೆ ಸಿಕ್ಕ ಖುಷಿ.

ಕುಲಪತಿಗಳಿಗೂ ಮುಖ್ಯ ವಾರ್ಡನ್ ಇನಾಮದಾರರಿಗೂ ಅವಳು ಯಂತ್ರವನ್ನು ತೋರಿಸಿದಳು. ಇನಾಮದಾರರು ಇಸ್ತ್ರಿ ಮುರಿಯದ ಬಿಳಿ ಅಂಗಿಯವರು, ಮೆಲ್ಲಗೆ ಮಾತಾಡುವವರು. ಬೆಲ್ಟಿನ ಮೇಲೆ ಒಂದು ತಾಟು ಬಂತು, ಸೂಜಿ ಇಳಿಯಿತು. ಪರದೆ ನೋಡಿ ಕಸ್ತೂರಿ ನಕ್ಕಳು.

“ಇದು ನೋಡ್ರಿ ಮಜಾ! ಈ ಒಂದ ತಾಟಿನ್ಯಾಗ ಎರಡು ಬಾಯಿ ಅದಾವ. ಯಾರೋ ಇಬ್ಬರು ಕೂಡಿ ಉಂಡಾರ.”

ಎಲ್ಲರೂ ನಕ್ಕರು. ಇನಾಮದಾರರು ನಗಲಿಲ್ಲ. ಪರದೆಯ ಹತ್ತಿರ ಬಗ್ಗಿ, “ಯಾರವು ಅಂತ ಹೇಳಬಹುದೇನ್ರಿ ಮೇಡಂ?” ಎಂದು ಕೇಳಿದರು.

“ಈಗ ಆಗಂಗಿಲ್ರಿ. ಎಲ್ಲಾ ಹುಡುಗರ ಗಲ್ಲದ ಒಳಗಿಂದ ಒಂದೊಂದು ಹತ್ತಿ ಸವರಿ ಕೊಟ್ರ, ಆಮ್ಯಾಲೆ ಯಾವ ಎಂಜಲಾ ಯಾರದು ಅನ್ನೋದು ತಪ್ಪಂಗಿಲ್ಲ.”

“ಕೊಡಸೋಣಂತ,” ಎಂದರು ಇನಾಮದಾರರು.

ಆ ಮುಂಗಾರಿನಲ್ಲಿ ಹಾಸ್ಟೆಲಿಗೆ ಸೇರಿದ ಪ್ರತಿಯೊಬ್ಬರ ಬಾಯಿಗೂ ಹತ್ತಿಯ ಕಡ್ಡಿ ಹೋಗಿ ಬಂತು. ಆರೋಗ್ಯ ತಪಾಸಣೆ ಎಂದು ಹೇಳಿದ್ದರು. ಮೆಸ್ಸಿನ ಗೋಡೆಗೆ ದೊಡ್ಡ ಪರದೆ ಬಂತು. ಊಟ ಚೆಲ್ಲಿದವರ ಮುಖ ಅದರ ಮೇಲೆ ಮೂಡತೊಡಗಿತು, ಕೆಳಗೆ ಚೆಲ್ಲಿದ ತೂಕ. ಹುಡುಗರು ಅದನ್ನು ನೋಡಿ ಮೊದಲು ನಕ್ಕರು, ಆಮೇಲೆ ನಾಚಿದರು, ಕಡೆಗೆ ಹಗೆ ಸಾಧಿಸಿದರು. ಶೆಡ್ಡಿನ ಬಾಗಿಲಿಗೆ ಯಾರೋ ಸಾರು ಎರಚಿ ಹೋದರು. ಕಸ್ತೂರಿ ಒರೆಸಲಿಲ್ಲ, ಆ ಕಲೆ ಹಾಗೇ ಇರಲಿ ಎಂದಳು. ಮುಸುರೆ ಅರ್ಧಕ್ಕಿಳಿದಿತ್ತು. ಡ್ರಮ್ಮಿನಿಂದ ಕಪ್ಪಗೆ ಉದುರುದುರಾಗಿ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ ಬರುತ್ತಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದಾಗ ಅವಳಿಗೆ ಯಾರ ಹಂಗೂ ಬೇಡ ಅನಿಸುತ್ತಿತ್ತು.

ಮನೆಯಲ್ಲಿ ಯಂತ್ರವನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವರು ಅತ್ತೆ ಗಂಗವ್ವ. ಮಡಿ ಮೈಲಿಗೆಯಲ್ಲಿ ಕಟ್ಟುನಿಟ್ಟಿನ ಹೆಂಗಸು. ಮನೆಯ ಪಾತ್ರೆ ತಿಕ್ಕುವವಳಿಗೆ ಚಹಾದ ಲೋಟವನ್ನು ಹಿತ್ತಿಲ ಕಿಟಕಿಯಲ್ಲಿ ಬೇರೆ ಇಟ್ಟವರು.

“ಎಂಜಲಾ ಹಿಡಿಯೋ ಯಂತ್ರ ಮಾಡೀಯಂತಲ್ಲವಾ ಕಸ್ತೂರಿ? ಇಷ್ಟು ವರ್ಷ ಓದಿದ್ದಕ್ಕ ಒಂದು ಚಲೋ ಕೆಲಸಾ ಮಾಡಿದಿ ನೋಡು. ನಾವು ಹೇಳಿದ್ರ ಯಾರೂ ಕೇಳ್ತಿದ್ದಿಲ್ಲ. ಈಗ ಯಂತ್ರನ ಹೇಳತೈತಿ.”

“ಅದಕ್ಕಲ್ಲ ಅತ್ತಿ, ಅದು ಗೊಬ್ಬರಕ್ಕ,” ಎಂದಳು ಕಸ್ತೂರಿ.

“ಯಾತಕ್ಕರ ಇರಲಿ. ಯಾರ್ದು ಯಾರ್ದಕ್ಕ ಕೂಡೇತಿ ಅಂತ ತಿಳೀತೈತೋ ಇಲ್ಲೋ?”

ಗಂಡ ಶ್ರೀಶೈಲ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು. ಪೇಪರಿನಿಂದ ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಮತ್ತೆ ಪೇಪರಿಗೆ ಮುಖ ತಗ್ಗಿಸಿದ.

ದೀಪಾವಳಿ ರಜೆ ಮುಗಿದ ಮೇಲೆ ಇನಾಮದಾರರು ಮೆಸ್ಸಿಗೆ ಹೊಸ ನಿಯಮ ತಂದರು: ಒಂದು ತಾಟು, ಒಂದೇ ಬಾಯಿ. ಊರಲ್ಲಿ ಕಾಮಾಲೆ ಹಬ್ಬಿದೆ, ಎಂಜಲು ಹಂಚಿಕೊಂಡರೆ ರೋಗ ಬರುತ್ತದೆ ಎಂಬ ಕಾರಣ ಕೊಟ್ಟರು. ಕಸ್ತೂರಿಯನ್ನು ಕೇಳಿದಾಗ ಅವಳು ಒಪ್ಪಿದಳು. ಕಾಮಾಲೆಯ ಮಾತು ಸುಳ್ಳೇನೂ ಆಗಿರಲಿಲ್ಲ. ಅಲ್ಲದೆ ಎರಡು ಬಾಯಿ ಕೂಡಿದ ತಾಟು ಬಂದರೆ ಚೆಲ್ಲಿದ ತೂಕವನ್ನು ಯಾರ ಮೇಲೆ ಹಾಕುವುದೆಂದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಆ ತೊಡಕೂ ತಪ್ಪಿತು ಎಂದುಕೊಂಡಳು.

ಒಂದು ಮಧ್ಯಾಹ್ನ ಇನಾಮದಾರರ ಕೋಣೆಗೆ ಕರೆ ಬಂತು. ಒಳಗೆ ಅಪರಿಚಿತರೊಬ್ಬರು ಕೂತಿದ್ದರು. ಹೆಗಲ ಮೇಲೆ ರುಮಾಲು, ಮಂಡಿಯ ಮೇಲೆ ಬಿಗಿದ ಮುಷ್ಟಿ. ಹಿಂದೆ ಗೋಡೆಗೊರಗಿ ಅವರ ಇಬ್ಬರು ಗಟ್ಟಿಮುಟ್ಟಾದ ತಮ್ಮಂದಿರು ನಿಂತಿದ್ದರು.

“ಇವರು ನೀಲಾಂಬಿಕಾನ ತಂದಿ,” ಎಂದರು ಇನಾಮದಾರರು. “ಎಂ.ಎಸ್ಸಿ. ಎರಡನೇ ವರ್ಷದ ಹುಡುಗಿ, ನಿಮ್ಮ ವಿಭಾಗನ. ಯಂತ್ರ ಹೆಂಗ ಕೆಲಸಾ ಮಾಡತೈತಿ ಅಂತ ಇವರಿಗೊಂದಿಷ್ಟು ತಿಳಿಸಿ ಹೇಳ್ರಿ.”

ಪಾಲಕರಿಗೆ ಯಂತ್ರ ವಿವರಿಸುವುದು ಅವಳಿಗೆ ರೂಢಿಯಾಗಿತ್ತು. ಜೊಲ್ಲು, ಬ್ಯಾಕ್ಟೀರಿಯಾ, ಸೂಜಿ ಎಲ್ಲ ಹೇಳಿದಳು.

“ಅಂದ್ರ ತಪ್ಪಾಗಂಗಿಲ್ಲ?” ಎಂದು ಆ ಮನುಷ್ಯ ಕೇಳಿದ.

“ಇಲ್ರಿ. ಎರಡು ಬಾಯಿ ಇದ್ರ ಎರಡೂ ಯಾರವು ಅಂತ ಖಚಿತ ಹೇಳತೈತಿ.”

“ಒಂದ ಸಲ ಅಪ್ಪಿತಪ್ಪಿ ಕೂಡಿರಬಹುದಲ್ಲ?”

ಇನಾಮದಾರರು ಮೇಜಿನ ಮೇಲಿದ್ದ ಪರದೆಯನ್ನು ಮೆಲ್ಲಗೆ ಅವರತ್ತ ತಿರುಗಿಸಿದರು. ಪರದೆಯ ಮೇಲೆ ಎರಡು ಮುಖ. ಒಂದು ನೀಲಾಂಬಿಕಾಳದು. ಇನ್ನೊಂದು ದುರಗೇಶ ಮಾದರನದು. ಅವನೂ ಅದೇ ತರಗತಿಯ ಹುಡುಗ, ಮುಂದಿನ ಸಾಲಿನಲ್ಲಿ ಕೂತು ಬಿಡದೆ ಪ್ರಶ್ನೆ ಕೇಳುವವನು. ಕೆಳಗೆ ಸಾಲುಸಾಲಾಗಿ ತಾಟುಗಳ ಚಿತ್ರ. ನಿಯಮ ಬಂದ ಮೇಲೂ ಅವರು ಒಂದೇ ತಾಟಿನಲ್ಲಿ ಉಂಡಿದ್ದರು, ದಿನಾ ಉಂಡಿದ್ದರು.

ಹುಡುಗನ ಅಡ್ಡಹೆಸರನ್ನು ಓದಿದ ತಂದೆಯ ಮುಖದಲ್ಲಿ ರಕ್ತ ಉಳಿಯಲಿಲ್ಲ. ತಮ್ಮಂದಿರಲ್ಲಿ ಒಬ್ಬ ಬಾಗಿಲು ತೆರೆದು ಆಗಲೇ ಹೊರಗೆ ಹೋಗಿದ್ದ.

“ಎಂಜಲಾ ತಿಂದಾಳ,” ಎಂದ ಆ ಮನುಷ್ಯ. ಯಾರಿಗೂ ಹೇಳಿದ್ದಲ್ಲ. “ಅವನ ಎಂಜಲಾ.”

ಕಸ್ತೂರಿ ಪರದೆಯ ಕಡೆ ಕೈ ಮಾಡಿದಳು. “ಸರ್, ಇದು ಊಟ ಚೆಲ್ಲೋದರ ಸಲುವಾಗಿ...” ಎಂದಳು.

“ನಿಯಮಾ ಮುರದಾರ್ರಿ ಮೇಡಂ. ಪಾಲಕರಿಗೆ ತಿಳಸೋದು ನಮ್ಮ ಕರ್ತವ್ಯ,” ಎಂದು ಇನಾಮದಾರರು ಎದ್ದು ನಿಂತರು. ಅವಳು ಹೋಗಬಹುದು ಎಂದು ಅದರ ಅರ್ಥ.

ನೀಲಾಂಬಿಕಾಳನ್ನು ಪ್ರಯೋಗಾಲಯದಿಂದ ಹೊರಗೆ ಕರೆದೊಯ್ದದ್ದನ್ನು ಇಡೀ ವಿಭಾಗ ನೋಡಿತು. ಅವಳು ಕೂಗಲಿಲ್ಲ. ಕೈಗವಸು ತೆಗೆಯಲಿಕ್ಕೂ ಬಿಡದೆ ಜೀಪಿಗೆ ಹತ್ತಿಸಿದರು. ಅದೇ ಸಂಜೆ ಕೆರೆಯ ದಂಡೆಯಲ್ಲಿ ದುರಗೇಶನ ಬಲಗೈ ಮುರಿಯಿತು. ಮುರಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು; ಪೊಲೀಸರಿಗೆ ಮಾತ್ರ ಗೊತ್ತಾಗಲಿಲ್ಲ. ವಿಶ್ವವಿದ್ಯಾಲಯ ಅವನ ಮೇಲೇ ಶಿಸ್ತು ಸಮಿತಿ ಕೂಡಿಸಿತು. ಒಂದು ತಾಟಿನ ನಿಯಮ ಮುರಿದದ್ದಕ್ಕೆ ಹೊರಗೆ ಹಾಕಬೇಕೆಂದು ಇನಾಮದಾರರು ಬರೆದಿದ್ದರು. ಹುಡುಗಿ ಹೇಗೂ ಹೋಗಿದ್ದಳಲ್ಲ.

ಅಂದಿನಿಂದ ಕಸ್ತೂರಿಯ ಪಾಠಕ್ಕೆ ಹೆಚ್ಚಿನವರು ಬರಲಿಲ್ಲ. ಬಂದವರೂ ಬೆನ್ನು ತಿರುಗಿಸಿ ಕೂತರು. ಅವಳ ಸ್ಕೂಟರಿನ ಸೀಟನ್ನು ಸೀಳಿ ಒಳಗೆ ಹಳಸಿದ ಅನ್ನ ತುಂಬಿದ್ದರು. ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ಅವಳು ಬಂದರೆ ಮಾತು ನಿಲ್ಲಿಸಿ ತಮ್ಮ ತಮ್ಮ ತಟ್ಟೆಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಅದು ತಮಾಷೆಗೋ ಹೆದರಿಕೆಗೋ ಅವಳಿಗೆ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಶ್ರೀಶೈಲ ಒಂದು ಸಂಜೆ ಬಾಯಿ ಬಿಟ್ಟ.

“ನಮ್ಮ ಸಾಲಿ ಹುಡುಗರು ಕೇಳ್ತಾರ, ಸರ್, ಹುಡುಗೂರನ್ನ ಹಿಡಕೊಡೋ ಮೇಡಂ ನಿಮ್ಮ ಮನ್ಯಾವರ ಅಲ್ರಿ, ಅಂತ. ಏನು ಹೇಳಲಿ?”

“ನಾ ಯಾರನ್ನೂ ಹಿಡಕೊಟ್ಟಿಲ್ಲ! ನಾ ಯಂತ್ರ ಮಾಡೀನಿ. ಅವರು ಅದನ್ನ ಹಿಂಗ ಬಳಸಿದ್ರ...”

“ಇಬ್ಬರದೂ ಹೆಸರು ಹೇಳತೈತಿ ಅಂತ ನಕ್ಕೋತ ಹೇಳಿದಾಕಿ ನೀನ. ಮನಿಗೆ ಬಂದು ನನಗೂ ನಕ್ಕೋತನ ಹೇಳಿದಿ.”

“ಆವಾಗ ನಿಮಗ ಬಾಯಿರಲಿಲ್ಲೇನು?” ಎಂದು ಅವಳು ಕೂಗಿದಳು.

ಶ್ರೀಶೈಲ ಎದ್ದುಹೋದ. ಬಾಯಿ ಇರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಒಳಗಿನಿಂದ ಗಂಗವ್ವ, “ಆ ಹುಡುಗಿ ಮಾಡಿದ್ದಕ್ಕ ನೀವ್ಯಾಕ ಜಗಳಾಡ್ತೀರಿ? ತಂದಿ ಕರಕೊಂಡು ಹೋದಾ, ಮುಗೀತು,” ಎಂದರು. ಅವರ ದನಿಯಲ್ಲಿದ್ದ ನೆಮ್ಮದಿ ಕಸ್ತೂರಿಗೆ ಸ್ಕೂಟರಿನ ಹಳಸಲು ಅನ್ನಕ್ಕಿಂತ ಹೆಚ್ಚು ನಾರಿತು.

ಮರುದಿನ ಅವಳು ಇನಾಮದಾರರ ಮುಂದೆ ನಿಂತಳು. ಎರಡು ಬಾಯಿಯ ಗುರುತು ಹೇಳುವ ಭಾಗವನ್ನು ತೆಗೆದುಹಾಕುತ್ತೇನೆ, ಗೊಬ್ಬರಕ್ಕೆ ಅದು ಬೇಕಿಲ್ಲ ಎಂದಳು.

“ಯಂತ್ರ ವಿಶ್ವವಿದ್ಯಾಲಯದ್ದು,” ಎಂದರು ಅವರು. “ನೀವು ಅದಕ್ಕ ಕಲಿಸೋದಿತ್ತು, ಕಲಿಸೀರಿ. ಇನ್ನ ಅದಕ್ಕ ನಿಮ್ಮ ಹಂಗಿಲ್ಲ. ಕೆಡಿಸಾಕ ಹೋದ್ರ ಇನ್ನೊಂದು ಮಾಡಸ್ತೀವಿ. ಮೂರು ವಿಶ್ವವಿದ್ಯಾಲಯದವರು ಆಗಲೇ ನಮಗೂ ಬೇಕು ಅಂದಾರ.”

“ಗೊಬ್ಬರದ ಸಲುವಾಗಿ?”

ಇನಾಮದಾರರು ಮೊದಲ ಸಲ ನಕ್ಕರು. “ನೀವು ಬಾಳ ಮುಗ್ಧ ಅದೀರಿ ಮೇಡಂ.”

ಶೆಡ್ಡಿಗೆ ಬಂದು ಅವಳು ಡ್ರಮ್ಮಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸೂಜಿ ಏಳುತ್ತಿತ್ತು, ಇಳಿಯುತ್ತಿತ್ತು. ಅದನ್ನು ಮುರಿದು ಎಸೆಯುವಷ್ಟು ಸಿಟ್ಟು ಇತ್ತು. ಮುರಿದರೆ ಇನ್ನೊಂದು ಬರುತ್ತದೆ ಎಂಬುದೂ ನಿಜವೇ. ಆಗ ಅವಳಿಗೆ ಯಂತ್ರದ ಒಂದು ಕೊರತೆಯ ನೆನಪಾಯಿತು. ಎರಡು ಬಾಯಿಗಳನ್ನು ಅದು ಸಲೀಸಾಗಿ ಬಿಡಿಸುತ್ತಿತ್ತು. ಮೂರನ್ನು ತಡವರಿಸಿ ಬಿಡಿಸುತ್ತಿತ್ತು. ಅದಕ್ಕೂ ಹೆಚ್ಚು ಬಾಯಿ ಸೋಕಿದರೆ, ಸಂತೆಯ ಗದ್ದಲದಲ್ಲಿ ಒಂದು ದನಿ ಕೇಳಿಸದ ಹಾಗೆ, ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಒಂದೇ ತಾಟಿನಲ್ಲಿ ಅಷ್ಟು ಜನ ಯಾರು ಉಣ್ಣುತ್ತಾರೆಂದು ಅವಳು ಅದನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ.

ಸಂಜೆ ಊಟದ ಗಂಟೆಯಾದಾಗ ಅವಳು ಮೆಸ್ಸಿನೊಳಗೆ ಕಾಲಿಟ್ಟಳು. ಮೊದಲು ಒಬ್ಬ ತಾಟು ಬಡಿದ. ಆಮೇಲೆ ಅವನ ಮೇಜು, ಆಮೇಲೆ ಎಲ್ಲ ಮೇಜುಗಳು. ಸ್ಟೀಲಿನ ಆ ಸದ್ದಿನ ನಡುವೆ ಅವಳು ನಡುಮನೆಗೆ ಬಂದ ಕಳ್ಳಿಯಂತೆ ನಿಂತಳು. ಸದ್ದು ನಿಲ್ಲಿಸಿದವಳು ಜುಬೇದಾ ನದಾಫ. ನೀಲಾಂಬಿಕಾಳ ಕೋಣೆಯ ಜೊತೆಗಾತಿ.

“ಇವತ್ತ ಯಾರನ್ನ ಹಿಡಿಯಾಕ ಬಂದೀರಿ ಮೇಡಂ?”

ಕಸ್ತೂರಿ ತಾನು ಬಂದ ಕಾರಣ ಹೇಳಿದಳು. ಒಂದು ತಾಟಿಗೆ ನಾಲ್ಕಾರು ಬಾಯಿ ಕೂಡಿದರೆ ಯಂತ್ರ ಕುರುಡು. ಎಲ್ಲರೂ ಎಲ್ಲರ ತಾಟಿನಲ್ಲೂ ಉಂಡರೆ ಯಾರ ಗುರುತೂ ಸಿಗುವುದಿಲ್ಲ. ಆಮೇಲೆ ಯಾರನ್ನೂ ಯಾರ ಮನೆಯವರಿಗೂ ತೋರಿಸಿಕೊಡಲಿಕ್ಕೆ ಆಗುವುದಿಲ್ಲ.

“ಸುಳ್ಳು!” ಎಂದು ಹಿಂದಿನಿಂದ ಒಬ್ಬ ಕೂಗಿದ. “ಎಲ್ಲಾರನ್ನೂ ಒಮ್ಮಿಗೇ ನಿಯಮಾ ಮುರಿಸಿ ಹೊರಗ ಹಾಕಾಕ ಹೂಡ್ಯಾರ!”

“ಹೌದು ಮತ್ತ. ನಂಬೋದು ಹೆಂಗ?” ಎಂದಳು ಜುಬೇದಾ. ತಾನು ಉಣ್ಣುತ್ತಿದ್ದ ತಾಟನ್ನು ಮೇಜಿನ ಮೇಲೆ ಕಸ್ತೂರಿಯ ಕಡೆ ದೂಡಿದಳು. ಕಚ್ಚಿದ ರೊಟ್ಟಿ, ಸಾರಿನಲ್ಲಿ ಕಲಸಿದ ಅನ್ನ, ಅದರೊಳಗೆ ಅವಳ ಬೆರಳ ಗುರುತು. “ತಿನ್ರಿ. ಇಷ್ಟು ದಿನಾ ನಮ್ಮ ಎಂಜಲಾ ಓದೀರಿ. ಇವತ್ತ ತಿಂದು ತೋರಸ್ರಿ.”

ಕಸ್ತೂರಿ ತಾಟನ್ನು ನೋಡಿದಳು. ಮುಸುರೆಯಲ್ಲಿ ಮೊಣಕೈವರೆಗೆ ಕೈ ಹಾಕಿ ಹಿಂಜರಿಯದವಳು ಅವಳು. ಆದರೆ ಅದು ಗೊಬ್ಬರಕ್ಕೆ ಹೋಗುವುದು. ಇದು ಬಾಯಿಗೆ. ತವರಿನಲ್ಲಿ ಅಕ್ಕತಂಗಿಯರು ಕೂಡ ಒಬ್ಬರ ತಾಟಿನಿಂದ ಇನ್ನೊಬ್ಬರು ತೆಗೆದುಕೊಂಡವರಲ್ಲ. ಗಂಡನ ಮನೆಗೆ ಬಂದ ಮೇಲಂತೂ ಕೇಳುವುದೇ ಬೇಡ. ಮಡಿ ಎಂಬುದು ತನಗಿಲ್ಲ, ತಾನು ವಿಜ್ಞಾನಿ ಎಂದು ಅವಳು ಎಲ್ಲರ ಹತ್ತಿರ ಹೇಳಿಕೊಂಡಿದ್ದಳು. ಈಗ ಕೈ ಮುಂದಕ್ಕೆ ಹೋಗಲಿಲ್ಲ. ಇಡೀ ಮೆಸ್ಸು ಆ ಕೈಯನ್ನೇ ನೋಡುತ್ತಿತ್ತು.

ಅವಳು ಬೆಂಚಿನ ಮೇಲೆ ಕೂತಳು. ತುತ್ತು ಕಲಸಿ ಬಾಯಿಗಿಟ್ಟಳು. ಅಗಿದಳು. ನುಂಗಲು ಹೊತ್ತು ಹಿಡಿಯಿತು, ಕಣ್ಣಲ್ಲಿ ನೀರು ಬಂತು, ಆದರೆ ನುಂಗಿದಳು. ಇನ್ನೊಂದು ತುತ್ತು ಕಲಸಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂಲೆಯ ಮೇಜಿನಿಂದ ದುರಗೇಶ ಎದ್ದು ಬಂದ. ಬಲಗೈ ಪ್ಲಾಸ್ಟರಿನಲ್ಲಿತ್ತು. ಮುಖದ ಬಾವು ಇಳಿದಿರಲಿಲ್ಲ.

“ನನ್ನ ಕೈ ಮುರಿಯೋವಾಗ ನಿಮ್ಮ ಹೆಸರು ಹೇಳ್ತಿದ್ರು ಮೇಡಂ,” ಎಂದ. “ದೊಡ್ಡ ಮೇಡಂ ಹೇಳ್ಯಾರ, ತಪ್ಪಾಗಂಗಿಲ್ಲ ಅಂದಾರ, ಅಂತ.”

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವನು ಎಡಗೈಯಿಂದ ಅದೇ ತಾಟಿನ ರೊಟ್ಟಿಯ ಚೂರು ಮುರಿದು ಬಾಯಿಗೆ ಹಾಕಿಕೊಂಡ. ಅವಳ ಮುಖದಿಂದ ಕಣ್ಣು ತೆಗೆಯದೆ ಅಗಿದ. ಆಮೇಲೆ ತನ್ನ ತಾಟನ್ನು ತಂದು ಮೇಜಿನ ಮೇಲೆ ಕುಕ್ಕಿದ. ಜುಬೇದಾ ಅದರಿಂದ ತುತ್ತು ತೆಗೆದಳು. ಪಕ್ಕದ ಮೇಜಿನ ಹುಡುಗ ಕೈ ಚಾಚಿದ.

ಎಲ್ಲರೂ ಉಂಡರು ಎಂದು ಆಮೇಲೆ ಹೇಳಿಕೊಂಡರು. ಎಲ್ಲರೂ ಉಣ್ಣಲಿಲ್ಲ. ಕೆಲವರು ತಾಟು ಎತ್ತಿಕೊಂಡು ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಉಂಡರು. ಒಬ್ಬ ಹುಡುಗಿ ತುತ್ತು ಇಟ್ಟುಕೊಂಡು ತಡೆಯಲಾರದೆ ಮೋರಿಗೆ ಓಡಿದಳು, ಬಾಯಿ ತೊಳೆದು ಮತ್ತೆ ಬಂದು ಕೂತಳು. ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ಇಬ್ಬರು ಗೆಳೆಯರಲ್ಲಿ ಒಬ್ಬನ ತಾಟಿಗೆ ಇನ್ನೊಬ್ಬ ಕೈ ಹಾಕಲು ಹೋದಾಗ ತಾಟು ಹಿಂದಕ್ಕೆ ಸರಿಯಿತು. “ನಿಂದು ಬ್ಯಾಡೋ,” ಎಂದ ತಾಟಿನವನು. ಕೈ ಚಾಚಿದವನು ಅವನ ಕೆನ್ನೆಗೆ ಹೊಡೆದ. ಬೆಂಚು ಉರುಳಿತು, ಸಾರು ಚೆಲ್ಲಿತು. ಯಂತ್ರ ಅಷ್ಟು ದಿನ ಕಾಣಿಸದ್ದು ಆ ಸಂಜೆ ಬರಿಗಣ್ಣಿಗೇ ಕಂಡಿತು.

ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತ್ತು. ಗಂಗವ್ವ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ಆಮೇಲೆ ಅಡುಗೆಮನೆಯಲ್ಲಿ ಅವಳ ತಾಟು ಇರಲಿಲ್ಲ. ಅದು ಹಿತ್ತಿಲ ಕಿಟಕಿಯಲ್ಲಿ, ಪಾತ್ರೆ ತಿಕ್ಕುವವಳ ಲೋಟದ ಪಕ್ಕ ಇತ್ತು.

“ಅವ್ವಾ, ಇದೇನಿದು?” ಎಂದ ಶ್ರೀಶೈಲ.

“ಊರ ಮಂದಿ ಎಂಜಲಾ ತಿಂದು ಬಂದಾಕಿಗೆ ನನ್ನ ಒಲಿ ಮುಂದ ಜಾಗಾ ಇಲ್ಲ. ನಿನಗ ಬೇಕಾದ್ರ ನೀನೂ ಹೊರಗ ಕೂಡು.”

ಶ್ರೀಶೈಲ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಒಳಗೆ ಕೂತು ಉಂಡ. ಕಸ್ತೂರಿ ಆ ಲೋಟವನ್ನು ಇಷ್ಟು ವರ್ಷ ದಿನಾ ನೋಡಿದ್ದಳು. ಅದರ ಪಕ್ಕ ನಿಂತು ಉಣ್ಣುವಾಗ ಆಚೆಯ ಬೀದಿ ಕಾಣುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಶಿಸ್ತು ಸಮಿತಿ ಕುಲಪತಿಗಳ ಸಭಾಂಗಣದಲ್ಲಿ ಕೂಡಿತು. ಅಷ್ಟರಲ್ಲಿ ಮೆಸ್ಸಿನಿಂದ ಬರುವ ತಾಟುಗಳಲ್ಲಿ ಹೆಚ್ಚಿನವಕ್ಕೆ ಶೇಷ ‘ಗುರುತಿಲ್ಲ’ ಎಂದು ಹೇಳತೊಡಗಿತ್ತು. ಪರದೆಯ ಮೇಲೆ ಸ್ಪಷ್ಟವಾಗಿ ಉಳಿದವರೆಂದರೆ ಯಾರ ತಾಟನ್ನೂ ಮುಟ್ಟದವರು. ಇನಾಮದಾರರು ಅವರ ಮುಖಗಳನ್ನು ‘ಆದರ್ಶ ವಿದ್ಯಾರ್ಥಿಗಳು’ ಎಂದು ಮೆಸ್ಸಿನ ಗೋಡೆಯ ಮೇಲೆ ಮೂಡಿಸಿದ್ದರು. ಅವರಲ್ಲಿ ಕೆಲವರಿಗೆ ಅದು ಹೆಮ್ಮೆಯಾಯಿತು. ಕೆಲವರು ಮರುದಿನ ತಾಟು ಹಿಡಿದು ಬೇರೆ ಮೇಜಿಗೆ ಬಂದು ಕೂತರು.

“ಈ ಹುಡುಗನ ವಿಷಯದಾಗ ಯಂತ್ರ ಸುಳ್ಳು ಹೇಳಿರಬಹುದೇನ್ರಿ?” ಎಂದು ಕುಲಪತಿಗಳು ಕಸ್ತೂರಿಯನ್ನು ಕೇಳಿದರು. ಅವರ ದನಿಯಲ್ಲಿ, ಹೌದು ಎಂದುಬಿಡಲಿ, ಎಲ್ಲ ಮುಗಿಯಲಿ ಎಂಬ ಬೇಡಿಕೆಯಿತ್ತು. ಎದುರು ದುರಗೇಶ ನಿಂತಿದ್ದ. ಪಕ್ಕದಲ್ಲಿ ಇನಾಮದಾರರು.

ಹೌದು ಎಂದರೆ ಹುಡುಗ ಉಳಿಯುತ್ತಿದ್ದ. ಆದರೆ ಅವರಿಬ್ಬರೂ ಕೂಡಿ ಉಂಡದ್ದು ಮುಚ್ಚಿಡಬೇಕಾದ ಅಪರಾಧ ಎಂದೂ ಒಪ್ಪಿದಂತಾಗುತ್ತಿತ್ತು.

“ಇಲ್ರಿ. ಅವತ್ತ ಯಂತ್ರ ಖರೇನ ಹೇಳೇತಿ,” ಎಂದಳು. “ದುರಗೇಶ ನೀಲಾಂಬಿಕಾ ಒಂದ ತಾಟಿನ್ಯಾಗ ಉಂಡಾರ. ನಾನೂ ಉಂಡೀನಿ. ಈತನ ಸಂಗಡ, ಜುಬೇದಾನ ಸಂಗಡ, ಹೆಸರು ಗೊತ್ತಿಲ್ಲದವರ ಸಂಗಡ. ಹಾಸ್ಟೆಲಿನ ಮುಕ್ಕಾಲು ಮಂದಿ ಉಂಡಾರ. ನಿಯಮಾ ಒಬ್ಬರಿಗೊಂದು ಇಲ್ಲಲ್ರಿ? ಹೊರಗ ಹಾಕೋದಾದ್ರ ನನ್ನಿಂದ ಸುರು ಮಾಡ್ರಿ.”

“ರೋಗ ಹಬ್ಬಿದ್ರ ಯಾರು ಜವಾಬ್ದಾರಿ?” ಎಂದು ಇನಾಮದಾರರು ದನಿಯೇರಿಸಿದರು. ಅವರ ದನಿ ಏರಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

“ರೋಗದ ಸಲುವಾಗಿ ಇದ್ರ, ಡಾಕ್ಟರನ್ನ ಕರೀತಿದ್ರಿ. ನೀವು ಆಕಿ ಅಪ್ಪನ್ನ ಕರದ್ರಿ.”

ದುರಗೇಶನನ್ನು ಹೊರಗೆ ಹಾಕಲಿಲ್ಲ. ಇಡೀ ಹಾಸ್ಟೆಲನ್ನು ಹೊರಗೆ ಹಾಕಲಾಗದು ಎಂಬುದಷ್ಟೇ ಅದರ ಕಾರಣ. ಕಸ್ತೂರಿಯನ್ನು ಗೊಬ್ಬರದ ಶೆಡ್ಡಿನಿಂದ ತೆಗೆದರು. ಅದರ ಬೀಗದ ಕೈ ಇನಾಮದಾರರ ಮೇಜಿಗೆ ಹೋಯಿತು. ಯಂತ್ರ ಅಲ್ಲೇ ಉಳಿಯಿತು. ಎಷ್ಟು ಬಾಯಿ ಕೂಡಿದರೂ ಬಿಡಿಸುವ ಹೊಸ ಸೂಜಿಗಾಗಿ ಅವರು ಬೇರೆ ಕಡೆ ಕೇಳಿದ್ದಾರೆಂದು ಸುದ್ದಿಯಾಯಿತು. ಸಿಗಬಹುದು ಎಂದು ಕಸ್ತೂರಿಗೆ ಗೊತ್ತಿತ್ತು. ಅವಳೇ ಮನಸ್ಸು ಮಾಡಿದ್ದರೆ ಮಾಡಬಹುದಾದ ಸೂಜಿ ಅದು.

ಬೇಸಿಗೆಯಲ್ಲಿ ನೀಲಾಂಬಿಕಾ ಪರೀಕ್ಷೆಗೆ ಬಂದಳು. ಮನೆಯವರು ಗೊತ್ತುಮಾಡಿದ ವರ ಎಂ.ಎಸ್ಸಿ. ಮುಗಿಸದ ಹುಡುಗಿ ಬೇಡ ಎಂದನಂತೆ, ಅದಕ್ಕೇ ಕಳಿಸಿದ್ದರು. ಜೀಪಿನಲ್ಲಿ ಕರೆತಂದ ಚಿಕ್ಕಪ್ಪ ಪರೀಕ್ಷೆಯ ಕೋಣೆಯ ಹೊರಗೂ ಕೂತಿರುತ್ತಿದ್ದ, ಮೆಸ್ಸಿನಲ್ಲೂ ಬಂದು ಪಕ್ಕದ ಮೇಜಿಗೆ ಕೂತಿರುತ್ತಿದ್ದ.

ಕೊನೆಯ ಪರೀಕ್ಷೆಯ ದಿನ ಕಸ್ತೂರಿ ಮೆಸ್ಸಿಗೆ ಹೋದಳು. ಮೇಜುಗಳ ಮೇಲೆ ತಾಟುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಈಗ ಅದು ರೂಢಿಯಾಗಿತ್ತು, ಯಾರೂ ಅದಕ್ಕೆ ಮುಖ ಸಿಂಡರಿಸುತ್ತಿರಲಿಲ್ಲ. ದೂರದ ಮೂಲೆಯಲ್ಲಿ ದುರಗೇಶ ತಲೆ ತಗ್ಗಿಸಿ ಉಣ್ಣುತ್ತಿದ್ದ. ಒಮ್ಮೆಯೂ ಇತ್ತ ನೋಡಲಿಲ್ಲ. ನೋಡದಿರುವುದೊಂದೇ ಅವನು ನೀಲಾಂಬಿಕಾಳಿಗೆ ಮಾಡಬಹುದಾದ ಉಪಕಾರವಾಗಿತ್ತು. ಜುಬೇದಾ ತನ್ನ ತಾಟು ಚಾಚಿದಾಗ ನೀಲಾಂಬಿಕಾ ಬೇಡವೆಂದು ತಲೆಯಾಡಿಸಿದಳು. ಕಸ್ತೂರಿ ಅವಳ ಎದುರು ಕೂತಳು. ಪಕ್ಕದ ಮೇಜಿನ ಚಿಕ್ಕಪ್ಪ ಊಟ ನಿಲ್ಲಿಸಿ ಕಿವಿ ನಿಮಿರಿಸಿದ.

“ನನ್ನ ಯಂತ್ರದಿಂದ ನಿನಗ ಹಿಂಗಾತು,” ಎಂದಳು ಕಸ್ತೂರಿ. “ತಪ್ಪಾತವಾ.”

ನೀಲಾಂಬಿಕಾ ತುತ್ತು ನುಂಗಿ ಅವಳನ್ನು ನೋಡಿದಳು. ತೆಳ್ಳಗಾಗಿದ್ದಳು.

“ಯಂತ್ರ ನಮ್ಮನ್ನ ಹಿಡೀಲಿಲ್ರಿ ಮೇಡಂ. ಅದಕ್ಕ ಹಿಡಿಯೋದು ಅಂದ್ರೇನು ಗೊತ್ತೈತಿ? ನೀವು ಹಿಡಿದ್ರಿ.”

ಕಸ್ತೂರಿ ಏನನ್ನಾದರೂ ಮಾಡಬೇಕೆಂದು ಕೈ ಚಾಚಿದಳು. ಈ ಮೆಸ್ಸಿನಲ್ಲಿ ಈಗ ಎಲ್ಲರೂ ಎಲ್ಲರ ತಾಟಿಗೂ ಚಾಚುವ ಹಾಗೆ. ನೀಲಾಂಬಿಕಾ ತಾಟನ್ನು ತನ್ನ ಕಡೆ ಎಳೆದುಕೊಂಡಳು.

“ನನ್ನ ತಾಟು ಮುಟ್ಟಬ್ಯಾಡ್ರಿ. ನಾ ಯಾರ ಸಂಗಡ ಉಣ್ಣಬೇಕು ಅನ್ನೋದು ನಂದು. ಅಷ್ಟ ಕೇಳಿದ್ವಿ ನಾವು, ಬ್ಯಾರೆ ಏನೂ ಕೇಳಿರಲಿಲ್ಲ.”

ಕಸ್ತೂರಿಯ ಕೈ ಮೇಜಿನ ಮೇಲೆ ಹಾಗೇ ಉಳಿಯಿತು.

ನೀಲಾಂಬಿಕಾ ಅವಸರವಿಲ್ಲದೆ ಉಂಡಳು. ರೊಟ್ಟಿಯ ಕೊನೆಯ ಚೂರಿನಿಂದ ಪಲ್ಯವನ್ನು ಬಳಿದು ತಿಂದಳು. ಅನ್ನದ ಅಗುಳುಗಳನ್ನು ಒಂದೊಂದಾಗಿ ಬೆರಳಿಗೆ ಹತ್ತಿಸಿಕೊಂಡಳು. ಆಮೇಲೆ ಲೋಟದ ನೀರನ್ನು ತಾಟಿಗೆ ಸುರಿದು, ಬೆರಳಿನಿಂದ ಸುತ್ತಲೂ ತೊಳೆದು, ತನ್ನ ಹಡೆದವ್ವನ ಮನೆಯಲ್ಲಿ ಕಲಿತಂತೆ ಆ ನೀರನ್ನು ಎತ್ತಿ ಕುಡಿದಳು. ಎದ್ದು ಹೋಗಿ ತಾಟನ್ನು ಬೆಲ್ಟಿನ ಮೇಲೆ ಇಟ್ಟಳು. ಚಿಕ್ಕಪ್ಪ ಹಿಂದೆಯೇ ಎದ್ದ. ಅವಳು ತಿರುಗಿ ನೋಡದೆ ಬಾಗಿಲು ದಾಟಿದಳು.

ತಾಟು ಬೆಲ್ಟಿನ ಮೇಲೆ ಸಾಗಿ ಶೆಡ್ಡಿನ ಕಿಂಡಿಯೊಳಗೆ ಹೋಗುವವರೆಗೂ ಕಸ್ತೂರಿ ನೋಡುತ್ತ ನಿಂತಳು. ಕಿಂಡಿಯ ಆಚೆ ಸೂಜಿ ಇಳಿಯಿತು, ಬರಿಯ ಸ್ಟೀಲನ್ನು ಮುಟ್ಟಿತು, ಮತ್ತೆ ಮುಟ್ಟಿತು. ಅದಕ್ಕೆ ಒಂದು ಅಗುಳೂ ಸಿಗಲಿಲ್ಲ.